ಬಲಿ, ಬಿಡುಗಡೆ, ರಕ್ಷಣೆ: ಹರಕೆ ಗೊತ್ತಿರುವ ಊರಿನಲ್ಲಿ ಇವನ್ನು ಕಲಿಸುವುದು ಹೇಗೆ?

ಬಂಗಾರಪೇಟೆ ಬೈಬಲ್ ಪಾಠ:

ಎಲ್ಲರಿಗೂ ವಂದನೆ. ಗುಡ್ ಫ್ರೈಡೇಗೆ ಮುಂಚೆ ನಾಲ್ಕು ವಾರ, ವಾರಕ್ಕೆ ಒಂದು ಗಂಟೆ, ಹಳ್ಳಿಯ ಮನೆ ಪ್ರಾರ್ಥನೆಯಲ್ಲಿ ಈ ಮೂರು ಮಾತುಗಳ ಮೇಲೆ ಪಾಠ ಆಗಬೇಕು. ಕೇಳುವವರಲ್ಲಿ ಅರ್ಧ ಜನ ಹೊಸಬರು. "ಯೇಸು ನಮಗಾಗಿ ಬಲಿಯಾದರು" ಅಂದ ಕೂಡಲೇ ಅವರ ಕಣ್ಣ ಮುಂದೆ ಬರುವುದು ಊರಹಬ್ಬದ ಕುರಿ, ತೀರಿಸದೆ ಉಳಿದ ಹರಕೆ. ಅಲ್ಲಿಂದ ಹುಟ್ಟುವ ಪ್ರಶ್ನೆಗಳು ಮೂರು. ದೇವರಿಗೆ ರಕ್ತ ಯಾಕೆ ಬೇಕಿತ್ತು? ಬಿಡಿಸಿಕೊಂಡರು ಅಂದರೆ ಬೆಲೆ ಯಾರ ಕೈಗೆ ಹೋಯಿತು? ನಂಬಿದರೆ ಸಾಕು ಅನ್ನುವುದಾದರೆ ಆಮೇಲೆ ಹೇಗೆ ಬೇಕಾದರೂ ಇರಬಹುದಾ? ತಿಳಿದವರು ವಚನದ ಸಮೇತ ಹೇಳಿ. ಪಾಠಕ್ಕೆ ಒದಗುವ ಸಾಮಗ್ರಿ ಬೇಕು.

ಚಿಂತಾಮಣಿ ಯಾಜಕಕಾಂಡ:

ಬ್ರದರ್, ಮೊದಲ ವಾರ ಶಿಲುಬೆಯ ಹತ್ತಿರ ಹೋಗಬೇಡಿ. ಯಾಜಕಕಾಂಡ 1ರಿಂದ 7ನೇ ಅಧ್ಯಾಯದವರೆಗೆ ಐದು ಬಗೆಯ ಅರ್ಪಣೆಗಳಿವೆ: ಸರ್ವಾಂಗಹೋಮ, ಧಾನ್ಯನೈವೇದ್ಯ, ಸಮಾಧಾನಯಜ್ಞ, ದೋಷಪರಿಹಾರಕಯಜ್ಞ, ಪ್ರಾಯಶ್ಚಿತ್ತಯಜ್ಞ. ಐದನ್ನೂ "ಬಲಿ" ಅನ್ನುವ ಒಂದೇ ಮಾತಿನಲ್ಲಿ ಕಟ್ಟಿಹಾಕುವುದರಿಂದಲೇ ನಿಮ್ಮ ಮೊದಲ ಪ್ರಶ್ನೆ ಬಿಡಿಸಲಾಗದ ಗಂಟಾಗುವುದು.

ಹರಕೆಗೆ ಬೈಬಲಿನಲ್ಲೇ ಒಂದು ಜಾಗ ಇದೆ, ಅದು ಸಮಾಧಾನಯಜ್ಞ. 7:16 ನೋಡಿ. ಹರಕೆ ಹೊತ್ತವನು ಪ್ರಾಣಿ ತರುತ್ತಾನೆ, ಕೊಬ್ಬು ವೇದಿಗೆ, ಎದೆಯ ಭಾಗ ಮತ್ತು ಬಲತೊಡೆ ಯಾಜಕರಿಗೆ, ಉಳಿದದ್ದು ಮನೆಯವರ ಊಟಕ್ಕೆ. ಕೃತಜ್ಞತೆಯದಾದರೆ ಅದೇ ದಿನ ತಿಂದು ಮುಗಿಸಬೇಕು. ಹರಕೆಯದಾದರೆ ಎರಡನೇ ದಿನಕ್ಕೂ ಇಡಬಹುದು, ಮೂರನೇ ದಿನಕ್ಕೆ ಉಳಿದರೆ ಸುಡಬೇಕು. ಇದನ್ನು ಕೇಳಿದರೆ ನಮ್ಮ ಕಡೆಯವರಿಗೆ ಗುರುತು ಹತ್ತುತ್ತದೆ. ಆದರೆ ಪಾಪಕ್ಕೆ ಸಂಬಂಧಿಸಿದ ದೋಷಪರಿಹಾರಕಯಜ್ಞದಲ್ಲಿ ತಂದವನಿಗೆ ಒಂದು ತುಣುಕೂ ಇಲ್ಲ. ಅದರ ರಕ್ತವನ್ನು ದೇವರ ಆರಾಧನೆಯ ಗುಡಾರದ ಒಳಗೆ ಒಯ್ದಿದ್ದರೆ ಯಾಜಕನೂ ತಿನ್ನುವಂತಿಲ್ಲ, ದೇಹವನ್ನು ಪಾಳೆಯದ ಹೊರಗೆ ಸುಡಬೇಕು (6:30, 16:27). ಇಬ್ರಿಯರಿಗೆ 13:11-12 ಯೇಸು ಊರಬಾಗಿಲಿನ ಹೊರಗೆ ಸತ್ತದ್ದನ್ನು ಜೋಡಿಸುವುದು ಇದಕ್ಕೇ. ಶಿಲುಬೆಯನ್ನು ಹರಕೆಗೆ ಹೋಲಿಸುವವರು ಊಟದ ಯಜ್ಞವನ್ನು ಊಟವಿಲ್ಲದ ಯಜ್ಞದ ಜಾಗದಲ್ಲಿ ಇಡುತ್ತಿದ್ದಾರೆ.

ಇನ್ನು "ರಕ್ತ ಯಾಕೆ". 17:11 ಉತ್ತರ ಕೊಡುತ್ತದೆ, ಆದರೆ ಪೂರ್ತಿ ಓದಬೇಕು. ಪ್ರಾಣ ರಕ್ತದಲ್ಲಿದೆ, ವೇದಿಯ ಮೇಲೆ ದೋಷಪರಿಹಾರಕ್ಕಾಗಿ ಅದನ್ನು "ನಾನೇ ನಿಮಗೆ ಕೊಟ್ಟಿದ್ದೇನೆ" ಎಂಬ ಅರ್ಥದ ಮಾತು ಅಲ್ಲಿದೆ. ಕೊಡುವವನು ದೇವರು. ಹಸಿದ ದೇವರಿಗೆ ಮನುಷ್ಯ ಉಣಿಸುತ್ತಿಲ್ಲ. ಕೀರ್ತನೆ 50:12-13 ಇದನ್ನು ಬಾಯಿಬಿಟ್ಟೇ ಹೇಳುತ್ತದೆ: ನನಗೆ ಹಸಿವಾದರೂ ನಿನಗೆ ಹೇಳುವುದಿಲ್ಲ, ನಾನು ಹೋರಿಯ ಮಾಂಸ ತಿನ್ನುತ್ತೇನೋ, ಹೋತದ ರಕ್ತ ಕುಡಿಯುತ್ತೇನೋ? ನಾಲ್ಕು ವಾರವೂ ಈ ಒಂದು ಎಳೆ ಕೈಬಿಡಬೇಡಿ: ಪಾಪ ಕಳೆಯುವ ದಾರಿಯನ್ನು ದೇವರೇ ಕೊಟ್ಟ.

ಶಿಡ್ಲಘಟ್ಟ ಭಾನುವಾರ ಶಾಲೆ:

ಚಿಂತಾಮಣಿ ಅಣ್ಣ ಹೇಳಿದ್ದಕ್ಕೆ ಅಳತೆಗಳನ್ನು ಸೇರಿಸುತ್ತೇನೆ, ಪಾಠದಲ್ಲಿ ಇವು ತುಂಬ ಕೆಲಸಕ್ಕೆ ಬರುತ್ತವೆ. ದೋಷಪರಿಹಾರಕಯಜ್ಞಕ್ಕೆ ಎಲ್ಲರೂ ಒಂದೇ ಪ್ರಾಣಿ ತರುತ್ತಿರಲಿಲ್ಲ. ಅಭಿಷಿಕ್ತ ಯಾಜಕ ತಪ್ಪಿದರೆ ಹೋರಿ (4:3), ಅಧಿಪತಿ ತಪ್ಪಿದರೆ ಗಂಡು ಮೇಕೆ (4:23), ಸಾಮಾನ್ಯ ಮನುಷ್ಯ ತಪ್ಪಿದರೆ ಹೆಣ್ಣು ಮೇಕೆ ಅಥವಾ ಹೆಣ್ಣು ಕುರಿಮರಿ (4:28, 32). ಅದಕ್ಕೂ ಗತಿಯಿಲ್ಲದವನಿಗೆ ಎರಡು ಬೆಳವಕ್ಕಿ ಅಥವಾ ಎರಡು ಪಾರಿವಾಳದ ಮರಿ (5:7). ಅದೂ ಆಗದಿದ್ದರೆ ಏಫಾದ ಹತ್ತನೆಯ ಒಂದು ಪಾಲು ಹಿಟ್ಟು, ಎಣ್ಣೆ ಇಲ್ಲ, ಧೂಪ ಇಲ್ಲ (5:11). ಸ್ಥಾನ ದೊಡ್ಡದಾದಷ್ಟೂ ಪಾಪದ ಭಾರ ದೊಡ್ಡದು, ಬಡವನಿಗೆ ಬಾಗಿಲು ಮುಚ್ಚಿಲ್ಲ.

ಏಫಾದ ಹತ್ತನೆಯ ಪಾಲು ಅಂದರೆ ಸುಮಾರು 2.2 ಲೀಟರ್, ನಮ್ಮ ಲೆಕ್ಕಕ್ಕೆ ಎರಡು ಸೇರಿನ ಆಸುಪಾಸು. ವಿಮೋಚನಕಾಂಡ 16:16 ಮತ್ತು 36 ಕೂಡಿಸಿ ಓದಿದರೆ ಇದೇ ಅಳತೆಗೆ ಓಮೆರ್ ಎಂದು ಹೆಸರು, ಮರುಭೂಮಿಯಲ್ಲಿ ಒಬ್ಬನಿಗೆ ಒಂದು ದಿನಕ್ಕೆ ಸಿಕ್ಕ ಮನ್ನಾ. ಕಡುಬಡವನ ಪಾಪಪರಿಹಾರ ಒಬ್ಬನ ಒಂದು ದಿನದ ಅನ್ನ. ಪಾಠದ ದಿನ ಅಷ್ಟು ಹಿಟ್ಟನ್ನು ಮೊರದಲ್ಲಿ ಹಾಕಿ ನಡುವೆ ಇಡಿ. "ರಕ್ತವಿಲ್ಲದೆ ಕ್ಷಮೆಯೇ ಇಲ್ಲ" ಎಂದು ಕೆಲವರು ಇಬ್ರಿಯರಿಗೆ 9:22ನ್ನು ಅರ್ಧ ಕತ್ತರಿಸಿ ಹೇಳುತ್ತಾರೆ. ಆ ವಚನದ ಮೊದಲಲ್ಲಿ "ಹೆಚ್ಚುಕಡಿಮೆ ಎಲ್ಲವೂ" ಎಂಬ ಮಾತಿದೆ. ಈ ಹಿಟ್ಟು ನೋಡಿದವರಿಗೆ ಆ ಮಾತಿನ ತೂಕ ತಿಳಿಯುತ್ತದೆ.

ಲೂಕ 2:24 ಕೂಡ ಓದಿಸಿ. ಮಗು ಹುಟ್ಟಿದ ಮೇಲೆ ಮರಿಯಳು ದೇವಾಲಯದಲ್ಲಿ ಕೊಟ್ಟದ್ದು ಪಕ್ಷಿಗಳ ಜೋಡಿ. ಯಾಜಕಕಾಂಡ 12:8ರ ಪ್ರಕಾರ ಅದು ಕುರಿಮರಿ ತರಲಾಗದ ಬಡವರ ಕಾಣಿಕೆ.

ಗೌರಿಬಿದನೂರು ಪ್ರಾರ್ಥನಾ ಕೂಟ:

ಇದೆಲ್ಲ ಸರಿ. ಹೊಸಬರ ತಲೆಗೆ ಇಷ್ಟು ತುಂಬಬೇಕಾ? ಯೋಹಾನ 3:16 ಹೇಳಿ, ಪ್ರಾರ್ಥನೆ ಮಾಡಿಸಿ, ಸಾಕು. ಆತ್ಮನು ಮಿಕ್ಕದ್ದನ್ನು ಕಲಿಸುತ್ತಾನೆ.

ಚಿಂತಾಮಣಿ ಯಾಜಕಕಾಂಡ:

ಬ್ರದರ್, 3:16 ಹೇಳಿ ಬಿಟ್ಟರೆ ಕೇಳಿದವರು ತಮ್ಮಲ್ಲಿ ಮೊದಲೇ ಇರುವ ಬಲಿಯ ಚಿತ್ರವನ್ನೇ ಅದರೊಳಗೆ ತುಂಬಿಕೊಳ್ಳುತ್ತಾರೆ. ಕೋಪಗೊಂಡ ದೇವರು, ನಡುವೆ ಸಿಕ್ಕಿಬಿದ್ದ ಮಗ. ಆಮೇಲೆ ಅದನ್ನು ಕಿತ್ತುಹಾಕಲು ವರ್ಷಗಟ್ಟಲೆ ಬೇಕು. ಅದೇ ಸುವಾರ್ತೆಯ 10:18ರಲ್ಲಿ ಯೇಸು ನನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ನಾನೇ ಕೊಡುತ್ತೇನೆ ಅನ್ನುತ್ತಾರೆ. 2 ಕೊರಿಂಥ 5:19 ದೇವರು ಕ್ರಿಸ್ತನಲ್ಲಿ ಇದ್ದು ಲೋಕವನ್ನು ತನ್ನ ಜೊತೆ ಸಮಾಧಾನ ಮಾಡಿಕೊಂಡ ಅನ್ನುತ್ತದೆ. ತಂದೆ ಒಂದು ಕಡೆ, ಮಗ ಇನ್ನೊಂದು ಕಡೆ ನಿಂತ ಚಿತ್ರ ಎಲ್ಲಿಯೂ ಇಲ್ಲ.

ದೋಷಪರಿಹಾರಕ ದಿನದ ವಿಧಿಯನ್ನೂ (ಯಾಜಕಕಾಂಡ 16) ಇಲ್ಲೇ ಹೇಳುತ್ತೇನೆ, ಇದನ್ನು ಪ್ರಸಂಗಗಳಲ್ಲಿ ತಪ್ಪಾಗಿ ಹೇಳುವುದು ಹೆಚ್ಚು. ಏಳನೇ ತಿಂಗಳ ಹತ್ತನೇ ದಿನ. ಮಹಾಯಾಜಕ ಮೊದಲು ತನಗಾಗಿ ಹೋರಿ ಕೊಯ್ಯಬೇಕು. ಎರಡು ಹೋತಗಳಿಗೆ ಚೀಟಿ ಹಾಕಬೇಕು. ಒಂದನ್ನು ಕೊಯ್ದು ಅದರ ರಕ್ತವನ್ನು ಕೃಪಾಸನದ ಮೇಲೂ ಮುಂದೆಯೂ ಚಿಮುಕಿಸಬೇಕು. ಎರಡನೆಯದರ ತಲೆಯ ಮೇಲೆ ಎರಡೂ ಕೈ ಇಟ್ಟು ಜನರ ಪಾಪಗಳನ್ನೆಲ್ಲ ಅರಿಕೆ ಮಾಡಿ ಅಡವಿಗೆ ಬಿಡಬೇಕು. ಪಾಪ ಹೊತ್ತ ಹೋತ ಸಾಯುವುದಿಲ್ಲ, ಜೀವಂತ ಹೋಗುತ್ತದೆ. ಸತ್ತದ್ದರ ಮೇಲೆ ಪಾಪಗಳ ಅರಿಕೆ ನಡೆದ ಮಾತೇ ಆ ಅಧ್ಯಾಯದಲ್ಲಿಲ್ಲ. ಒಂದು ಶುದ್ಧಿ ಮಾಡುತ್ತದೆ, ಇನ್ನೊಂದು ಹೊತ್ತು ಒಯ್ಯುತ್ತದೆ. ಯೋಹಾನ 1:29ರ "ಲೋಕದ ಪಾಪ ಹೊತ್ತುಕೊಂಡು ಹೋಗುವ ಕುರಿ" ಎಂಬ ಮಾತಿನಲ್ಲಿ ಎರಡೂ ಸೇರಿವೆ. "ಪ್ರಾಣಿಗೆ ನಮ್ಮ ಶಿಕ್ಷೆ ಆಯಿತು" ಎಂದು ಮಾತ್ರ ಹೇಳಿದರೆ ಹೊತ್ತು ಒಯ್ಯುವ ಅರ್ಧ ಕಳೆದುಹೋಗುತ್ತದೆ.

ಕೃಪಾಸನ ಅಂದರೆ ಮಂಜೂಷದ (ಹತ್ತು ಆಜ್ಞೆಗಳ ಹಲಗೆ ಇಟ್ಟಿದ್ದ ಪೆಟ್ಟಿಗೆಯ) ಮೇಲಿನ ಚೊಕ್ಕ ಬಂಗಾರದ ಮುಚ್ಚಳ, ಎರಡೂವರೆ ಮೊಳ ಉದ್ದ, ಒಂದೂವರೆ ಮೊಳ ಅಗಲ (ವಿಮೋಚನಕಾಂಡ 25:17). ರೋಮಾಪುರ 3:25ರಲ್ಲಿ ಪೌಲ ಕ್ರಿಸ್ತನಿಗೆ ಬಳಸುವ ಗ್ರೀಕ್ ಪದ ಹಿಲಾಸ್ತೇರಿಯೋನ್. ಹಳೆಯ ಗ್ರೀಕ್ ಬೈಬಲಿನಲ್ಲಿ ಈ ಮುಚ್ಚಳದ ಹೆಸರು ಅದೇ.

ಮಾಲೂರು ಭೋಗ್ಯ:

ಎರಡನೇ ವಾರಕ್ಕೆ ಬಿಡುಗಡೆ ತೆಗೆದುಕೊಳ್ಳಿ. ಇದಕ್ಕೆ ಗುಡಾರ, ವೇದಿ ಯಾವುದೂ ಬೇಡ. ಇದು ಜಮೀನಿನ ಮಾತು, ಜೀತದ ಮಾತು. ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಯೇ ಇಲ್ಲ. ಅಡವಿಟ್ಟ ಒಡವೆ ಬಿಡಿಸಿಕೊಳ್ಳುವುದು, ಭೋಗ್ಯಕ್ಕೆ ಹಾಕಿದ ಹೊಲ ಬಿಡಿಸಿಕೊಳ್ಳುವುದು ಅನ್ನುತ್ತೇವಲ್ಲ, ಮಾರ್ಕ 10:45ರ ಹಳೆಯ ಅನುವಾದದಲ್ಲಿ ಪ್ರಾಣವನ್ನು "ಈಡು" ಕೊಟ್ಟದ್ದು, ಅನೇಕರನ್ನು "ಬಿಡಿಸಿಕೊಳ್ಳುವ"ದು ಎಂದೇ ಇದೆ.

ಯಾಜಕಕಾಂಡ 25ರ ಲೆಕ್ಕ ಹೀಗೆ. ಹೊಲವನ್ನು ಶಾಶ್ವತವಾಗಿ ಮಾರುವಂತಿಲ್ಲ. ಮಾರುವುದು ಮುಂದಿನ ಜೂಬಿಲಿ ವರ್ಷದವರೆಗಿನ, ಅಂದರೆ ಹೊಲ ಮೂಲ ಮನೆತನಕ್ಕೆ ಮರಳುವ ಐವತ್ತನೇ ವರ್ಷದವರೆಗಿನ, ಬೆಳೆಗಳನ್ನು ಮಾತ್ರ (25:15-16). ಜೂಬಿಲಿಗೆ 20 ಬೆಳೆ ಉಳಿದಾಗ 20 ಶೆಕೆಲ್ ಬೆಳ್ಳಿಗೆ ಹೊಲ ಹೋಯಿತು ಅನ್ನಿ. ಎಂಟು ಬೆಳೆ ಕೊಂಡವನು ತೆಗೆದ ಮೇಲೆ ಬಿಡಿಸಿಕೊಳ್ಳಲು 12 ಶೆಕೆಲ್ ಕೊಟ್ಟರೆ ಸಾಕು (25:27). ನಮ್ಮ ಭೋಗ್ಯದಲ್ಲಿ ಹಾಗಲ್ಲ, ಎಷ್ಟು ವರ್ಷ ಉತ್ತು ತಿಂದರೂ ಅಸಲು ಅಷ್ಟೇ ನಿಂತಿರುತ್ತದೆ. ಈ ವ್ಯತ್ಯಾಸ ಹೇಳಿದರೆ ಕೇಳುವವರು ಎದ್ದು ಕೂರುತ್ತಾರೆ.

ಬಿಡಿಸುವವನು ಸಮೀಪ ಬಂಧು, ಹೀಬ್ರೂವಿನಲ್ಲಿ ಗೋಏಲ್. ಅಣ್ಣತಮ್ಮ, ಚಿಕ್ಕಪ್ಪ ದೊಡ್ಡಪ್ಪ, ಅವರ ಮಕ್ಕಳು (25:48-49). ರೂತಳ ಪುಸ್ತಕದ ನಾಲ್ಕನೇ ಅಧ್ಯಾಯ ಓದಿಸಿ, ಗೋಏಲ್‌ಗೆ ಇರಬೇಕಾದ ಮೂರೂ ಅಲ್ಲಿ ಕಾಣುತ್ತವೆ. ರಕ್ತಸಂಬಂಧ ಇರಬೇಕು, ಕೈಯಲ್ಲಿ ಶಕ್ತಿ ಇರಬೇಕು, ಮನಸ್ಸಿರಬೇಕು. ವಿಧವೆ ರೂತಳನ್ನೂ ಅವಳ ಗಂಡನ ಮನೆಯ ಹೊಲವನ್ನೂ ಬಿಡಿಸಿಕೊಂಡವನು ಬೋವಜ. ಅವನಿಗಿಂತ ಹತ್ತಿರದ ಬಂಧು ಒಬ್ಬನಿದ್ದ. ಹೊಲ ಅಂದಾಗ ಒಪ್ಪಿದ, ರೂತಳೂ ಸೇರಿದ್ದಾಳೆ ಅಂದಾಗ ತನ್ನ ಆಸ್ತಿಗೆ ನಷ್ಟವೆಂದು ಹಿಂದೆ ಸರಿದ (4:6). ದೇವರ ಮಗ ಮನುಷ್ಯನಾಗಿ ಯಾಕೆ ಹುಟ್ಟಬೇಕಿತ್ತು ಎಂದು ಯಾರಾದರೂ ಕೇಳಿದರೆ ಉತ್ತರ ಇಲ್ಲೇ ಇದೆ. ಬಿಡಿಸುವ ಹಕ್ಕು ಬಂಧುವಿಗೆ ಮಾತ್ರ. ಇಬ್ರಿಯರಿಗೆ 2:14 ಇದನ್ನೇ ಹೇಳುತ್ತದೆ: ಮಕ್ಕಳು ರಕ್ತಮಾಂಸಧಾರಿಗಳಾದ್ದರಿಂದ ಅವನೂ ರಕ್ತಮಾಂಸಧಾರಿಯಾದ.

ಬಂಗಾರಪೇಟೆ ಬೈಬಲ್ ಪಾಠ:

ಅಣ್ಣ, ತುಂಬ ಚೆನ್ನಾಗಿದೆ. ಆದರೆ ಅಲ್ಲೇ ಸಿಕ್ಕಿಕೊಳ್ಳುವುದು. ಒಡವೆ ಬಿಡಿಸಿದರೆ ದುಡ್ಡು ಗಿರವಿ ಅಂಗಡಿಯವನಿಗೆ. ಇಲ್ಲಿ ಯಾರಿಗೆ? ಸೈತಾನನಿಗಾ?

ತುಮಕೂರು ಗ್ರೀಕ್ ಓದು:

ಹಳೆಯ ಕಾಲದಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಸೈತಾನನಿಗೆ ಎಂದು ಹೇಳಿದವರಿದ್ದರು, ನಾಲ್ಕನೇ ಶತಮಾನದಲ್ಲಿ ನಿಸ್ಸಾದ ಗ್ರೆಗೊರಿ ಅವರಲ್ಲೊಬ್ಬರು. ಅದೇ ಕಾಲದ ನಾಜಿಯಾಂಜಸಿನ ಗ್ರೆಗೊರಿ ಅದನ್ನು ಕಟುವಾಗಿ ತಳ್ಳಿಹಾಕಿದರು: ಕಳ್ಳನಿಗೆ ದೇವರನ್ನೇ ಬೆಲೆಯಾಗಿ ಕೊಡುವುದು ಎಂಥ ಅವಮಾನ ಎಂದು.

ವಚನಕ್ಕೆ ಬಂದರೆ ಮಾರ್ಕ 10:45 ಯಾರಿಗೆ ಎಂದು ಹೇಳುವುದಿಲ್ಲ, ಯಾರಿಗಾಗಿ ಎಂದು ಮಾತ್ರ ಹೇಳುತ್ತದೆ. ವಿಮೋಚನಕಾಂಡ 6:6ರಲ್ಲಿ ಇಸ್ರಾಯೇಲನ್ನು ಐಗುಪ್ತದಿಂದ ಬಿಡಿಸುತ್ತೇನೆ ಎಂದ ಕಡೆ ಗೋಏಲ್ ಹುಟ್ಟಿದ ಧಾತುವೇ ಇದೆ. ಫರೋಹನಿಗೆ ಒಂದು ಕಾಸೂ ಸಂದಿಲ್ಲ. ಯೆಶಾಯ 52:3 ಹಣವಿಲ್ಲದೆ ಬಿಡುಗಡೆ ಎನ್ನುತ್ತದೆ. ಅಂದರೆ "ಬೆಲೆ" ಅನ್ನುವಲ್ಲಿ ಒತ್ತು ಬೀಳುವುದು ಬಿಡಿಸುವವನಿಗೆ ಎಷ್ಟು ತಗಲಿತು ಎಂಬುದರ ಮೇಲೆ. ಜಮೀನಿನ ಹೋಲಿಕೆಯನ್ನು ಅಲ್ಲಿಯವರೆಗೆ ಎಳೆಯಿರಿ, ಗಿರವಿ ಅಂಗಡಿ ಹುಡುಕಲು ಹೋಗಬೇಡಿ. ದೇವಾಲಯದ ಮಾತು ಶುದ್ಧಿಯನ್ನು ತೋರಿಸುತ್ತದೆ, ಜಮೀನಿನ ಮಾತು ಬಂಧನ ಬಿಡಿಸಿದ್ದನ್ನು, ನ್ಯಾಯಾಲಯದ ಮಾತು ತೀರ್ಪನ್ನು. ಒಂದರ ಪ್ರಶ್ನೆಯನ್ನು ಇನ್ನೊಂದಕ್ಕೆ ಕೇಳಿದರೆ ಉತ್ತರ ಹುಟ್ಟುವುದಿಲ್ಲ.

ಮಾಲೂರು ಭೋಗ್ಯ:

ನಮ್ಮ ಕಾಲದ ಹೋಲಿಕೆ ಬೇಕಾದರೆ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಹೇಳಿ. ಅದರಲ್ಲಿ ಜೀತಕ್ಕೆ ಕಾರಣವಾದ ಸಾಲವೇ ಅಳಿಯುತ್ತದೆ, ಮಾಲೀಕ ಅದನ್ನು ವಸೂಲು ಮಾಡುವಂತಿಲ್ಲ. ಜೀತಗಾರ ಕೊಟ್ಟು ಬಿಡಿಸಿಕೊಂಡದ್ದಲ್ಲ, ಮಾಲೀಕ ಈಸಿಕೊಂಡು ಬಿಟ್ಟದ್ದೂ ಅಲ್ಲ. ಬಿಡುಗಡೆ ಪತ್ರ ಕೈಗೆ ಬಂದ ಮೇಲೂ ಹಳೆಯ ಹೆದರಿಕೆಗೆ ಅದೇ ಮನೆಯ ಕೊಟ್ಟಿಗೆಗೆ ಹೋದರೆ ಪತ್ರ ಸುಳ್ಳಾಗುವುದಿಲ್ಲ, ಮನುಷ್ಯ ಮಾತ್ರ ಬಿಡುಗಡೆಯಲ್ಲಿ ಬಾಳುತ್ತಿಲ್ಲ. ಗಲಾತ್ಯ 5:1 ಪೌಲ ಬರೆದದ್ದು ಅಂಥವರಿಗೆ.

ಗೌರಿಬಿದನೂರು ಪ್ರಾರ್ಥನಾ ಕೂಟ:

ಶಿಲುಬೆಯ ಮೇಲೆ ಯೇಸು ಹೇಳಿದ "ತೀರಿತು" ಅನ್ನುವುದನ್ನೂ ಸೇರಿಸಿ. ಆ ಗ್ರೀಕ್ ಮಾತನ್ನು ಆಗಿನ ಸಾಲದ ರಸೀದಿಗಳ ಮೇಲೆ ಬರೆಯುತ್ತಿದ್ದರಂತೆ, ಸಾಲ ಪೂರ್ತಿ ಸಂದಾಯ ಎಂದು.

ತುಮಕೂರು ಗ್ರೀಕ್ ಓದು:

ಬ್ರದರ್, ರಸೀದಿಯ ಮಾತು ಪ್ರಸಂಗಗಳಲ್ಲಿ ಬಹಳ ಓಡಾಡುತ್ತದೆ, ಆಧಾರ ಗಟ್ಟಿಯಿಲ್ಲ. ತೆರಿಗೆ ರಸೀದಿಗಳಲ್ಲಿ ಇದ್ದ ಒಂದು ಮೊಟಕು ಬರಹವನ್ನು ಹೀಗೆ ಬಿಡಿಸಿ ಓದಿದ್ದರಿಂದ ಹಬ್ಬಿದ್ದು ಅದು. ಯೋಹಾನ 19:30ರ ತೆತೆಲೆಸ್ತಾಯ್ ಅಂದರೆ ಗುರಿ ಮುಟ್ಟಿ ಪೂರ್ತಿಯಾಯಿತು, ಪೂರ್ತಿಯಾಗಿಯೇ ನಿಂತಿದೆ. ಅದೇ ಕ್ರಿಯಾಪದವನ್ನು ತೆರಿಗೆ ಸಲ್ಲಿಸುವುದಕ್ಕೂ ಬಳಸುತ್ತಿದ್ದರು, ಮತ್ತಾಯ 17:24 ನೋಡಿ. ಕನ್ನಡದ "ತೀರಿತು" ಇಲ್ಲಿ ತಾನಾಗಿಯೇ ಒದಗಿದೆ: ಕೆಲಸ ತೀರಿತು, ಸಾಲ ತೀರಿತು, ಹರಕೆ ತೀರಿತು. ರಸೀದಿ ಬಿಟ್ಟು ಈ ಮಾತನ್ನೇ ಹಿಡಿಯಿರಿ.

ಮೂರನೇ ವಾರದ ನಂಬಿಕೆಗೂ ನಮ್ಮ ವ್ಯಾಕರಣವೇ ಸಹಾಯ. "ಅವನ ಮಾತನ್ನು ನಂಬಿದೆ" ಬೇರೆ, "ಅವನಲ್ಲಿ ನಂಬಿಕೆಯಿಟ್ಟೆ" ಬೇರೆ. ಯಾಕೋಬ 2:19ರಲ್ಲಿ ದೆವ್ವಗಳು ನಂಬುವುದು ಮೊದಲನೆಯದು, ದೇವರೊಬ್ಬನೇ ಎಂಬುದು ಅವಕ್ಕೂ ಗೊತ್ತು, ನಡುಗುತ್ತವೆ. ಯೋಹಾನ 3:16 ಎರಡನೆಯದು. ನಮ್ಮ ಭಾರವನ್ನು ಒಬ್ಬನ ಮೇಲೆ ಬಿಡುವುದು.

ಪೌಲನ ವಾದ ರೋಮಾಪುರ 4ರಲ್ಲಿದೆ. ಲೆಕ್ಕಕ್ಕೆ ಹಿಡಿ ಅನ್ನುವ ಕ್ರಿಯಾಪದ ಆ ಒಂದೇ ಅಧ್ಯಾಯದಲ್ಲಿ 11 ಸಲ ಬರುತ್ತದೆ. ದುಡಿದವನಿಗೆ ಕೊಡುವುದು ಕೂಲಿ, ಅದು ಸಲ್ಲಬೇಕಾದದ್ದು. ದುಡಿಯದೆ ನಂಬಿದವನಿಗೆ ಸಿಕ್ಕಿದ್ದು ಕೃಪೆ (4:4-5). ಅಬ್ರಹಾಮನ ಕಾಲಕ್ರಮ ನೋಡಿ. ನಂಬಿಕೆ ನೀತಿಯೆಂದು ಎಣಿಕೆಯಾದದ್ದು ಆದಿಕಾಂಡ 15:6. ಮಗ ಇಷ್ಮಾಯೇಲ ಹುಟ್ಟಿದಾಗ ಅಬ್ರಹಾಮನಿಗೆ 86 ವರ್ಷ (16:16), ಸುನ್ನತಿಯಾದಾಗ 99 (17:24). ಅಂದರೆ ಎಣಿಕೆಯಾದ ಮೇಲೆ ಕಡಿಮೆಯೆಂದರೂ 13 ವರ್ಷಕ್ಕೆ ಸುನ್ನತಿ. ಯಾಕೋಬ 2:21 ಹಿಡಿಯುವುದು ಅದಕ್ಕೂ ಮುಂದಿನ ಆದಿಕಾಂಡ 22ನ್ನು, ಇಸಾಕನನ್ನು ಅರ್ಪಿಸಿದ್ದನ್ನು. ಪೌಲ ಬೇರು ತೋರಿಸುತ್ತಾನೆ, ಯಾಕೋಬ ಕಾಯಿ ತೋರಿಸುತ್ತಾನೆ. ಎಫೆಸ 2:8-9 ಓದಿ 10ನೇ ವಚನ ಬಿಡುವವರೇ ಈ ಜಗಳ ಹುಟ್ಟಿಸುವುದು. ಸತ್ಕ್ರಿಯೆಗಳಿಂದಲ್ಲ, ಸತ್ಕ್ರಿಯೆಗಳಿಗಾಗಿ ಎಂದು ಮೂರೂ ಸೇರಿ ಹೇಳುತ್ತವೆ.

ಚಾಂಪಿಯನ್ ರೀಫ್ಸ್ ಉಪದೇಶಿ:

ನಮ್ಮ ಕಥೋಲಿಕರ ಕಡೆಯಿಂದ ಒಂದೆರಡು ಮಾತು, ಕೆಜಿಎಫ್ ಬಂಗಾರಪೇಟೆ ಕಡೆ ಒಂದೇ ಮನೆಯಲ್ಲಿ ಎರಡು ಸಭೆಯವರು ಇರುವುದುಂಟು. ರೊಟ್ಟಿ, ದ್ರಾಕ್ಷಾರಸ ಅರ್ಪಿಸುವ ಆರಾಧನೆಯನ್ನು ನಾವು "ಬಲಿಪೂಜೆ" ಎಂದು ಕರೆಯುವುದರಿಂದ ಪ್ರತಿ ಭಾನುವಾರ ಯೇಸುವನ್ನು ಮತ್ತೆ ಬಲಿ ಕೊಡುತ್ತೇವೆ ಎಂದು ಕೆಲವರು ತಿಳಿಯುತ್ತಾರೆ. ಹಾಗಲ್ಲ. ಇಬ್ರಿಯರಿಗೆ 10:10ರ "ಒಂದೇ ಸಾರಿ" ನಮಗೂ ಅಷ್ಟೇ ಗಟ್ಟಿ. ನಮ್ಮ ಬಿಷಪ್ಪರ ಟ್ರೆಂಟ್ ಮಹಾಸಭೆ 1562ರಲ್ಲಿ ಹೇಳಿದ್ದು, ಬಲಿ ಅದೇ, ಅರ್ಪಿಸುವ ರೀತಿ ಮಾತ್ರ ಬೇರೆ, ರಕ್ತ ಸುರಿಸದ ರೀತಿ. ಶಿಲುಬೆಯ ಆ ಒಂದು ಬಲಿ ಪೀಠದ ಮೇಲೆ ನಮ್ಮ ಮುಂದೆ ಬರುತ್ತದೆ. ಅದೇ ಮಹಾಸಭೆ 1547ರಲ್ಲಿ ನೀತೀಕರಣಕ್ಕೆ (ದೇವರ ಮುಂದೆ ಮನುಷ್ಯ ನೀತಿವಂತನಾಗುವುದಕ್ಕೆ) ಮುಂಚಿನ ಯಾವುದೂ, ನಂಬಿಕೆಯಾಗಲಿ ಕ್ರಿಯೆಯಾಗಲಿ, ಆ ಕೃಪೆಯನ್ನು ಗಳಿಸಲಾರದು ಎಂದೂ ಹೇಳಿತು. ಕೃಪೆಯೇ ಮೊದಲು ಎಂಬುದರಲ್ಲಿ ಜಗಳವಿಲ್ಲ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಲುಥರನ್ ಒಕ್ಕೂಟವೂ ಕಥೋಲಿಕ ಸಭೆಯೂ ಈ ಬಗ್ಗೆ ಜಂಟಿ ಘೋಷಣೆಗೆ ಸಹಿ ಹಾಕಿದವು, 2006ರಲ್ಲಿ ವಿಶ್ವ ಮೆಥೊಡಿಸ್ಟ್ ಪರಿಷತ್ತು ಸೇರಿತು. ಕೋಲಾರದಲ್ಲಿ ಮೆಥೊಡಿಸ್ಟ್ ಸಭೆಯವರು ಇರುವುದರಿಂದ ಇದನ್ನು ಹೇಳುವುದು ಒಳ್ಳೆಯದು. ವ್ಯತ್ಯಾಸ ಉಳಿದಿಲ್ಲ ಅನ್ನುತ್ತಿಲ್ಲ. ಬಲಿಪೂಜೆಯ ವಿಷಯದಲ್ಲೂ ಪಾಪನಿವೇದನೆಯ ವಿಷಯದಲ್ಲೂ ಉಳಿದಿದೆ.

ಶಿಡ್ಲಘಟ್ಟ ಭಾನುವಾರ ಶಾಲೆ:

ಮೂರನೇ ಪ್ರಶ್ನೆಗೆ, ಆಮೇಲೆ ಹೇಗೆ ಬೇಕಾದರೂ ಇರಬಹುದಾ ಅನ್ನುವುದಕ್ಕೆ, ಪ್ರಾಯಶ್ಚಿತ್ತಯಜ್ಞ ತೆಗೆಯಿರಿ. ಯಾಜಕಕಾಂಡ 6:1-7. ನೆರೆಯವನಿಗೆ ಮೋಸ ಮಾಡಿದವನು ಮೊದಲು ಅಸಲನ್ನೂ ಅದರ ಮೇಲೆ ಐದನೆಯ ಒಂದು ಪಾಲನ್ನೂ ಯಜಮಾನನ ಕೈಗೆ ಕೊಡಬೇಕು, ಆಮೇಲೆ ಟಗರು. 10,000 ತಿಂದಿದ್ದರೆ 12,000. ಪಕ್ಕದವನ ಬದು ಒತ್ತಿ, ದೇವರ ಹತ್ತಿರ ಅತ್ತು ಬಂದು, ಬದುವನ್ನು ಹಾಗೇ ಬಿಟ್ಟವನು ಈ ಅಧ್ಯಾಯ ಓದಿಲ್ಲ. ಯೆಶಾಯ 53:10ರಲ್ಲಿ ಜನರ ಪಾಪ ಹೊರುವ ದೇವರ ಸೇವಕನ ಪ್ರಾಣಕ್ಕೆ ಇಟ್ಟ ಹೆಸರೂ ಇದೇ ಯಜ್ಞದ್ದು.

ರಕ್ಷಣೆಯ ಕಾಲವನ್ನೂ ಹೇಳಿ. ಎಫೆಸ 2:8 ಆಗಿದೆ ಅನ್ನುತ್ತದೆ, 1 ಕೊರಿಂಥ 1:18 ಆಗುತ್ತಿದೆ ಅನ್ನುತ್ತದೆ, ರೋಮಾಪುರ 5:9 ಆಗಲಿದೆ ಅನ್ನುತ್ತದೆ. ಮೊದಲನೆಯದನ್ನು ಮಾತ್ರ ಕಲಿಸಿದರೆ ಜನ ಉಡಾಫೆಗೆ ಬೀಳುತ್ತಾರೆ, ಕೊನೆಯದನ್ನು ಮಾತ್ರ ಕಲಿಸಿದರೆ ಸಾಯುವವರೆಗೂ ಹೆದರಿ ಬದುಕುತ್ತಾರೆ.

ಗೌರಿಬಿದನೂರು ಪ್ರಾರ್ಥನಾ ಕೂಟ:

ಸಿಸ್ಟರ್, ಬದುವಿನ ಮಾತು ಸರಿಯಾಗಿ ನಾಟಿತು. ಅಷ್ಟು ವಿವರ ಬೇಡ ಅಂದಿದ್ದೆ, ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಹಾಗಾದರೆ ಬೇಕೆಂದೇ ಮಾಡಿದ ಪಾಪಕ್ಕೆ ಯಾವ ಯಜ್ಞ?

ಚಿಂತಾಮಣಿ ಯಾಜಕಕಾಂಡ:

ದೋಷಪರಿಹಾರಕಯಜ್ಞ ತಿಳಿಯದೆ ಮಾಡಿದ್ದಕ್ಕೆ (ಯಾಜಕಕಾಂಡ 4:2). ಕೈಯೆತ್ತಿ, ಬೇಕೆಂದೇ ದೇವರನ್ನು ಧಿಕ್ಕರಿಸಿದವನಿಗೆ ಅರಣ್ಯಕಾಂಡ 15:30 ಯಾವ ಯಜ್ಞವನ್ನೂ ತೋರಿಸುವುದಿಲ್ಲ. ವ್ಯಭಿಚಾರ, ಕೊಲೆ ಎರಡೂ ಮಾಡಿದ ದಾವೀದ 51ನೇ ಕೀರ್ತನೆಯಲ್ಲಿ ನಿನಗೆ ಯಜ್ಞ ಇಷ್ಟವಿಲ್ಲ, ಇದ್ದಿದ್ದರೆ ಕೊಡುತ್ತಿದ್ದೆ ಅನ್ನುವುದು ಅದಕ್ಕೇ. ಅವನ ಹತ್ತಿರ ಕುರಿಮಂದೆಗೆ ಬರವಿರಲಿಲ್ಲ. ಕೊಡಬಹುದಾದ ಪ್ರಾಣಿಯೇ ಇರಲಿಲ್ಲ. ಮುರಿದ ಮನಸ್ಸು ಹಿಡಿದು ಬಂದ, ದೇವರು ತಳ್ಳಲಿಲ್ಲ. ಧರ್ಮಶಾಸ್ತ್ರದಿಂದ ಆಗದೆ ಉಳಿದದ್ದರಿಂದಲೂ ಬಿಡುಗಡೆ ಎಂದು ಅಪೊಸ್ತಲರ ಕೃತ್ಯಗಳು 13:39 ಹೇಳುವಾಗ ಈ ಖಾಲಿ ಜಾಗ ನೆನಪಿರಲಿ.

ಬಂಗಾರಪೇಟೆ ಬೈಬಲ್ ಪಾಠ:

ನಾಲ್ಕನೇ ವಾರಕ್ಕೆ ಏನು ಉಳಿಯಿತು?

ತುಮಕೂರು ಗ್ರೀಕ್ ಓದು:

ಏನೂ ವಿವರಿಸಬೇಡಿ. ಯೋಹಾನ 18 ಮತ್ತು 19 ಓದಿಸಿ, 82 ವಚನ, ನಿಧಾನವಾಗಿ ಓದಿದರೂ ಕಾಲು ಗಂಟೆಯ ಮೇಲೆ ಸ್ವಲ್ಪ. ಇಬ್ಬರು ಮೂವರು ಹಂಚಿಕೊಂಡು ಓದಲಿ. ಮೂರು ವಾರ ಕೇಳಿದವರಿಗೆ ಹಿಸ್ಸೋಪು ಗಿಡ, ಮುರಿಯದ ಮೂಳೆ, "ತೀರಿತು" ಎಲ್ಲವೂ ತಾವಾಗಿಯೇ ಕಾಣುತ್ತವೆ. ಪಸ್ಕದ ಕುರಿಯ ವಿಧಿ ಹೇಳುವ ವಿಮೋಚನಕಾಂಡ 12ರ 22 ಮತ್ತು 46ನೇ ವಚನಗಳನ್ನು ಹಿಂದಿನ ವಾರವೇ ಓದಿಸಿಟ್ಟಿರಿ.

ಬಂಗಾರಪೇಟೆ ಬೈಬಲ್ ಪಾಠ:

ಎಲ್ಲರಿಗೂ ಕೃತಜ್ಞತೆ. ಒಂದೇ ಒಂದು ಬಾಕಿ. ಸಿಸ್ಟರ್, ಮೊರದಲ್ಲಿ ಇಡುವ ಹಿಟ್ಟು ಗೋಧಿಯದೇ ಆಗಬೇಕಾ? ಇಲ್ಲಿ ಪ್ರತಿ ಮನೆಯಲ್ಲಿ ಇರುವುದು ರಾಗಿ ಹಿಟ್ಟು.

ಶಿಡ್ಲಘಟ್ಟ ಭಾನುವಾರ ಶಾಲೆ:

ಯಾಜಕಕಾಂಡದಲ್ಲಿ ಇರುವುದು ನಯವಾದ ಗೋಧಿ ಹಿಟ್ಟು, ಅದನ್ನು ಬಾಯಲ್ಲಿ ಹೇಳಿ. ಮೊರದಲ್ಲಿ ರಾಗಿ ಹಿಟ್ಟೇ ಇಡಿ. ಒಂದು ದಿನದ ಅನ್ನ ಎಷ್ಟು ಅನ್ನುವುದು ನೋಡಿದ ತಕ್ಷಣ ತಿಳಿಯಬೇಕು. ಮನೆಯಿಂದ ತರುವಾಗ ಎಣ್ಣೆ, ಉಪ್ಪು ಏನೂ ಬೆರೆಸಿರಬಾರದು, ಪಾಠ ಮುಗಿದ ಮೇಲೆ ಆ ಊರಿನಲ್ಲಿ ಅದು ಬೇಕಾದ ಮನೆಗೆ ಕೊಟ್ಟು ಬನ್ನಿ.